ಯುದ್ಧಕಾಲದ ಪೈಲಟ್‌ಗಳ ಪತ್ರ ಸಂಗ್ರಹಿಸುತ್ತೀರಾ? ಸಹಿಗಿಂತ ಮೊದಲು ತಾರೀಖು ನೋಡಿ

ಎರಡನೇ ಮಹಾಯುದ್ಧದ ಪೈಲಟ್‌ಗಳ ಪತ್ರ ಕೈಗೆ ಬಂದರೆ ಎಲ್ಲರ ಕಣ್ಣೂ ನೇರ ಸಹಿಗೇ ಹೋಗುತ್ತದೆ. ನಾನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. ಆದರೆ ಸಹಿಯೊಂದನ್ನು ತಿದ್ದಿ ತೀಡಿ ಕಲಿಯುವುದು ದೊಡ್ಡ ವಿಷಯವಲ್ಲ. ತಾರೀಖು, ವಿಳಾಸ, ರ‍್ಯಾಂಕು, ಸ್ಕ್ವಾಡ್ರನ್ (ವಾಯುಪಡೆಯ ತುಕಡಿ), ಕಾಗದ, ಶಾಯಿ, ಇಷ್ಟೂ ಒಂದಕ್ಕೊಂದು ತಾಳೆಯಾಗುವ ಹಾಗೆ ಸುಳ್ಳು ಹೇಳುವುದೇ ಕಷ್ಟ.

ಬ್ರಿಟನ್ನಿನ ಪೈಲಟ್ ಡಗ್ಲಸ್ ಬೇಡರ್ ಅವರನ್ನೇ ತೆಗೆದುಕೊಳ್ಳಿ. 1931ರ ಅಪಘಾತದಲ್ಲಿ ಎರಡೂ ಕಾಲು ಹೋದರೂ ಮತ್ತೆ ಫೈಟರ್ ಹಾರಿಸಿದವರು. 1941ರ ಆಗಸ್ಟ್ 9ರಂದು ಫ್ರಾನ್ಸಿನಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕರು, ಬಿಡುಗಡೆಯಾದದ್ದು 1945ರ ಏಪ್ರಿಲ್‌ನಲ್ಲಿ. ಹಾಗಿದ್ದಮೇಲೆ 1943ರ ತಾರೀಖು ಹಾಕಿ, ಇಂಗ್ಲೆಂಡಿನ ಯಾವುದೋ ವಾಯುನೆಲೆಯ ವಿಳಾಸವಿರುವ ಕಾಗದದಲ್ಲಿ ಅವರ ಪತ್ರ ಬಂದರೆ, ಸಹಿ ಎಷ್ಟೇ ಚೆಂದ ಇರಲಿ, ಸುಮ್ನೆ ಕೆಳಗಿಟ್ಟುಬಿಡಿ. ಆ ಕಾಲದಲ್ಲಿ ಸೆರೆಯಿಂದ ಬರುತ್ತಿದ್ದದ್ದು ಯುದ್ಧಕೈದಿಗಳ ಅಂಚೆಯ ಅಚ್ಚಾದ ಫಾರಂ, ಮೇಲೆ ಸೆನ್ಸಾರ್ ಮುದ್ರೆ. 'ಸರ್' ಬಿರುದು ಬಂದದ್ದು 1976ರಲ್ಲಿ, ಅದಕ್ಕಿಂತ ಹಳೆಯ ಕಾಗದದಲ್ಲಿ ಅದು ಕಂಡರೂ ಅನುಮಾನಿಸಿ.

ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿ ನಡೆಸಿದ ಬ್ರಿಟಿಷ್ ಪೈಲಟ್ ಗೈ ಗಿಬ್ಸನ್ ಕಥೆಯೇ ಬೇರೆ. ದಾಳಿ 1943ರ ಮೇ ತಿಂಗಳಲ್ಲಿ, ಅವರು ತೀರಿಕೊಂಡದ್ದು 1944ರ ಸೆಪ್ಟೆಂಬರ್ 19ರಂದು, 26ನೇ ವಯಸ್ಸಿಗೆ. ಬೇಡರ್ 1982ರವರೆಗೆ, ಜರ್ಮನಿಯ ಫೈಟರ್ ಪೈಲಟ್ ಅಡಾಲ್ಫ್ ಗ್ಯಾಲಂಡ್ 1996ರವರೆಗೆ ಬದುಕಿದ್ದು ಅಭಿಮಾನಿಗಳಿಗೆ ಧಾರಾಳವಾಗಿ ಸಹಿ ಹಾಕಿಕೊಟ್ಟರು. ಗಿಬ್ಸನ್‌ಗೆ ಆ ಅವಕಾಶ ಎಲ್ಲಿತ್ತು? ಅದಕ್ಕೇ ಅವರ ಪತ್ರ ಅಪರೂಪ, ಮೋಸಗಾರರಿಗೆ ಆಸೆಯೂ ಜಾಸ್ತಿ. ಅಂದಹಾಗೆ, ಬ್ರಿಟಿಷ್ ವಾಯುಪಡೆಯಲ್ಲಿ 'ಪೈಲಟ್ ಆಫೀಸರ್' ಅಂದರೆ ಕೆಲಸವಲ್ಲ, ರ‍್ಯಾಂಕು. ವಿಮಾನವನ್ನೇ ಹಾರಿಸದ ಪೈಲಟ್ ಆಫೀಸರ್‌ಗಳೂ ಇದ್ದರು. ಇದನ್ನು ತಿಳಿಯದೆ ಕೊಂಡು ಕೈಸುಟ್ಟುಕೊಳ್ಳಬೇಡಿ.

ಆಮೇಲೆ ಶಾಯಿ. ಬಾಲ್‌ಪೆನ್ ಅಮೆರಿಕದ ಅಂಗಡಿಗೆ ಬಂದದ್ದೇ 1945ರ ಅಕ್ಟೋಬರ್‌ನಲ್ಲಿ. 1940ರ ಪತ್ರದಲ್ಲಿ ಬಾಲ್‌ಪೆನ್ ಗೆರೆ ಇದ್ದರೆ ಇನ್ನೇನು ಹೇಳಬೇಕು? ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟು ನೋಡಿ. ಕಾಗದ ನೀಲಿಬಿಳಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ ಅಂತ ಅರ್ಥ, ಅದು ಕಾಗದಕ್ಕೆ ಬೀಳತೊಡಗಿದ್ದು ಯುದ್ಧ ಮುಗಿದ ಮೇಲೆ. ಹೊಳೆಯಲಿಲ್ಲ ಅಂತ ಮಾತ್ರಕ್ಕೆ ಅಸಲಿ ಅಂದುಕೊಳ್ಳಬೇಡಿ, ಹಳೆಯ ಖಾಲಿ ಹಾಳೆ ಹುಡುಕಿ ಬರೆಯುವವರೂ ಇದ್ದಾರೆ.

ನನ್ನ ಕೇಳಿದರೆ ಪತ್ರಕ್ಕಿಂತ, ಪೈಲಟ್ ತನ್ನ ಪ್ರತಿ ಹಾರಾಟ ಬರೆದಿಡುವ ಲಾಗ್‌ಬುಕ್ ಮೇಲು. ತಾರೀಖು, ವಿಮಾನದ ಮಾದರಿ ಮತ್ತು ನಂಬರು, ಕೆಲಸ, ಹಗಲು ಹಾರಾಟ, ರಾತ್ರಿ ಹಾರಾಟ ಅಂತ ಬೇರೆ ಬೇರೆ ಕಾಲಂ. ಕೆಲಸ ಮುಗಿಸಿ ಬಂದರೆ 'ಡಿಸಿಒ' (ಡ್ಯೂಟಿ ಕ್ಯಾರೀಡ್ ಔಟ್) ಅಂತ ಮೂರೇ ಅಕ್ಷರ. ತಿಂಗಳ ಕೊನೆಗೆ ಒಟ್ಟು ಗಂಟೆ ಕೂಡಿಸಿ ಮೇಲಧಿಕಾರಿಯ ಸಹಿ. ಆ ಕೂಡಿಸುವ ಲೆಕ್ಕವನ್ನು ನೀವೂ ಒಮ್ಮೆ ಮಾಡಿ ನೋಡಿ. ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಸರಣಿಯಲ್ಲಿ ಸ್ಕ್ವಾಡ್ರನ್‌ಗಳ ದಿನಚರಿ ಇದೆ, ಲಾಗ್‌ಬುಕ್ಕಿನ ಸಾಲನ್ನು ಅದರ ಪಕ್ಕ ಇಟ್ಟು ನೋಡಬಹುದು. ವಾಪಸು ಬಾರದವರ ಪುಸ್ತಕದಲ್ಲಿ ಕೊನೆಯ ಸಾಲು ಎಷ್ಟೋ ಸಲ ಬೇರೆಯವರ ಕೈಬರಹದಲ್ಲಿರುತ್ತದೆ. ಅಲ್ಲಿಗೆ ಬಂದಾಗ ನನಗೆ ಪುಟ ತಿರುಗಿಸಲು ಕೈ ಬರುವುದಿಲ್ಲ.

ಮಾರುವವರು ಕೊಡುವ 'ಅಸಲಿ' ಸರ್ಟಿಫಿಕೇಟಿನ ಬೆಲೆ ಅದಕ್ಕೆ ಸಹಿ ಹಾಕಿದವರಿಗೆ ಇರುವಷ್ಟೇ. ಯಾರಿಂದ ಬಂತು, ಹೇಗೆ ಬಂತು ಅಂತ ಬರಹದಲ್ಲಿ ಕೇಳಿ. ಒಬ್ಬ ಮಾರಾಟಗಾರರು ಇದಕ್ಕೆ ಉತ್ತರವನ್ನೇ ಕೊಡಲಿಲ್ಲ, ನಾನು ಆ ಪತ್ರದ ಆಸೆ ಬಿಟ್ಟೆ.

ಮನೆತನದ ಕಟ್ಟು ಒಟ್ಟಿಗೆ ಸಿಕ್ಕರೆ ಒಡೆಯಬೇಡಿ. ಲಕೋಟೆ, ತಾಯಿಗೆ ಬಂದ ತಂತಿ, ರಜಾಚೀಟಿ ಎಲ್ಲ ಜೊತೆಗಿರಲಿ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಅಮೆರಿಕದ ಸೇನೆಯವರ ಲಕ್ಷಾಂತರ ಕಡತ ಸುಟ್ಟುಹೋದವು, ಯುದ್ಧಕಾಲದ ವಾಯುಪಡೆಯೂ ಆ ಸೇನೆಯ ಭಾಗವೇ ಆಗಿತ್ತು. ಹಾಗಾಗಿ ಕೆಲವರ ವಿಷಯದಲ್ಲಿ ಈ ಕಟ್ಟು ಬಿಟ್ಟರೆ ಬೇರೆ ದಾಖಲೆ ಸಿಗುವುದೇ ಕಷ್ಟ.

ಇಡುವುದಕ್ಕೆ ಪಾಲಿಯೆಸ್ಟರ್ ಕವರ್, ಆಮ್ಲ ಇಲ್ಲದ ಫೋಲ್ಡರ್ ಸಾಕು. ಪಿವಿಸಿ, ಸೆಲ್ಲೋಟೇಪ್, ಲ್ಯಾಮಿನೇಷನ್ ಯಾವುದೂ ಬೇಡ. ಗೋಡೆಗೆ ಹಾಕಲೇಬೇಕು ಅನಿಸಿದರೆ ಸ್ಕ್ಯಾನ್ ಪ್ರತಿ ಹಾಕಿ, ಬಿಸಿಲು ಶಾಯಿಯನ್ನು ತಿಂದುಹಾಕುತ್ತದೆ. ಇನ್ನು ಪತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸುವ ಯೋಚನೆ ಇದ್ದರೆ ವಾರಸುದಾರರನ್ನು ಕೇಳಿ. ಕಾಗದ ನಿಮ್ಮದು, ಅದರಲ್ಲಿನ ಬರಹದ ಹಕ್ಕು ಸಾಮಾನ್ಯವಾಗಿ ಅವರದ್ದು.