ತಲೆಕೆಳಗಾದ ಹದಿನೇಳನೇ ಗೆರೆ

ಹಿಮಾಚಲದ ಲಾಹೌಲ್ ಕಡೆಯ ಒಂದು ಹಿಮನದಿಯ ತಳದಲ್ಲಿ ನೀರಿದೆಯಾ ಎಂದು ನೋಡಲು ಹೊರಟಿದ್ದೆವು. ಅದಕ್ಕೂ ಮೊದಲು ಸಾಮಾನನ್ನೆಲ್ಲ ಹಾಸನಕ್ಕೆ ತಂದು, ಆಲೂರು ಹತ್ತಿರ ನಮ್ಮ ಗದ್ದೆಬಯಲಿನಲ್ಲಿ ಹರವಿದೆ. ಭತ್ತದ ಕೊಯ್ಲು ಮುಗಿದಿತ್ತು. ನೆಲದ ಅದುರಾಟ ಹಿಡಿಯುವ ಜಿಯೋಫೋನ್‌ಗಳನ್ನು ಎರಡೆರಡು ಮೀಟರಿಗೆ ಒಂದರಂತೆ 24 ಚುಚ್ಚಿದೆ. ಒಂದೊಂದಕ್ಕೂ ಪರದೆಯ ಮೇಲೆ ಒಂದೊಂದು ಗೆರೆ. ತುದಿಯಲ್ಲಿ ಕಬ್ಬಿಣದ ತಟ್ಟೆ ಇಟ್ಟು ಸಮ್ಮಟಿಗೆಯಿಂದ ಹೊಡೆಯೋದು, ಆ ಅದುರಾಟ ಯಾವಾಗ ಎಲ್ಲಿ ಮುಟ್ಟಿತು ನೋಡೋದು.

"ಬೋರ್ ಪಾಯಿಂಟ್ ನೋಡ್ತಿದೀಯೇನೋ? ಕಾಯಿ ಎಲ್ಲೋ?" ಎಂದು ಮಾವ ನಕ್ಕರು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ಹುಡುಕುವವರ ಮೇಲೆ ಅವರಿಗೆ ಇವತ್ತಿಗೂ ನಂಬಿಕೆ ಜಾಸ್ತಿ.

ತ್ರೀ ಫೇಸ್ ಕರೆಂಟ್ ಬಂದದ್ದೇ ಪಂಪ್‌ಸೆಟ್‌ಗಳು ಶುರುವಾಗಿ, ಅವುಗಳ ಅದುರಾಟಕ್ಕೆ ಪರದೆ ತುಂಬ ಗೀಚು. ಕರೆಂಟ್ ಹೋಗುವ ತನಕ ಸುಮ್ನೆ ಕೂತೆ. ಆಮೇಲೆ ನೋಡಿದರೆ 23 ಗೆರೆಗಳು ಮೊದಲು ಮೇಲಕ್ಕೆ ಏಳುತ್ತಿವೆ, ಹದಿನೇಳನೆಯದು ಮಾತ್ರ ಕೆಳಕ್ಕೆ ಇಳಿಯುತ್ತಿದೆ. ಆ ಜಿಯೋಫೋನಿನ ಎರಡು ತಂತಿ ಅದಲುಬದಲಾಗಿದ್ದವು. ಬೆಸುಗೆ ಹಾಕಿದವನು ನಾನೇ.

ಬರೀ ಸಮಯ ಅಳೆಯುವ ಕೆಲಸವಾಗಿದ್ದರೆ ಇದು ಸಣ್ಣ ತಪ್ಪು. ಮಂಜುಗಡ್ಡೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 3,800 ಮೀಟರ್. ತಟ್ಟೆಯ ಪಕ್ಕದಲ್ಲೇ 0.1 ಸೆಕೆಂಡಿಗೆ ಮಾರ್ದನಿ ಬಂದರೆ ಹೋಗಿ ಬಂದ ದಾರಿ 380 ಮೀಟರ್, ದಪ್ಪ ಅದರರ್ಧ 190 ಮೀಟರ್, ಲೆಕ್ಕ ಮುಗೀತು. ತಳದಲ್ಲಿರುವುದು ಬಂಡೆಯೋ ನೀರೋ ಎನ್ನಲು ಸಮಯ ಸಾಲದು, ಅಲೆ ಯಾವ ಕಡೆಗೆ ಎದ್ದಿತು ಎಂದು ನೋಡಬೇಕು. ಗಡುಸು ಬಂಡೆಗೆ ಬಡಿದ ಅಲೆ ಹೋದ ಹಾಗೇ ವಾಪಸ್ ಬರುತ್ತದೆ. ನೀರು ಮಂಜುಗಡ್ಡೆಗಿಂತ ಮೆತ್ತಗೆ, ಅದರಲ್ಲಿ ವೇಗ ಸುಮಾರು 1,450 ಮೀಟರ್ ಅಷ್ಟೆ. ಹಾಗಾಗಿ ಅಲೆ ತಲೆಕೆಳಗಾಗಿ ಮರಳುತ್ತದೆ. ತಂತಿ ಸರಿಮಾಡದೆ ಹಿಮನದಿಗೆ ಹೋಗಿದ್ದರೆ ನನ್ನ ಹದಿನೇಳನೇ ಗೆರೆ ಅಲ್ಲಿ ಇಲ್ಲದ ನೀರನ್ನು ತೋರಿಸುತ್ತಿತ್ತು, ಅಲ್ವಾ?

ಹಿಮನದಿಯ ಮೇಲೆ ಪಂಪ್‌ಸೆಟ್ ಇರಲಿಲ್ಲ, ನಿಜ. ಮಧ್ಯಾಹ್ನವಾದರೆ ಕರಗಿದ ನೀರಿನದೇ ಗದ್ದಲ. ಕುಳಿ ಕೊರೆದು ಹುಗಿದ ಜಿಯೋಫೋನ್‌ಗಳು ಬಿಸಿಲಿಗೆ ವಾಲಿಬಿಡುತ್ತಿದ್ದವು. ಅದಕ್ಕೇ ಬೆಳಗಿನ ಜಾವ ಕೆಲಸ. ಒಂದೇ ಜಾಗದಲ್ಲಿ ಇಪ್ಪತ್ತು ಏಟು ಹೊಡೆದು ಒಟ್ಟುಗೂಡಿಸಿದರೆ ಗದ್ದಲ ತಗ್ಗಿ ಮಾರ್ದನಿ ಎದ್ದು ಕಾಣುತ್ತದೆ. ತೋಳಿನ ಕಥೆ ಕೇಳಬೇಡಿ.

ಒಂದು ಕಡೆ ಮಾರ್ದನಿ ತಲೆಕೆಳಗಾಗಿಯೇ ಬಂತು. ಕುಣಿದಾಡಿದೆ. ಸಂಜೆ ಟೆಂಟಿನಲ್ಲಿ ಕೂತು ನೋಡಿದರೆ ಅದು ತೀರಾ ಸಣ್ಣದು. ನೀರೇ ಆಗಿದ್ದರೆ ಜೋರಾಗಿ ಬರಬೇಕಿತ್ತು. ಇಷ್ಟು ಮೆಲ್ಲಗೆ ಬಂದರೆ ನೀರು ಕುಡಿದ ಮೆತ್ತನೆ ಮಣ್ಣು ಎಂದೇ ಅನುಮಾನಿಸಬೇಕು.

ಮನಾಲಿಗೆ ಇಳಿದ ಮೇಲೆ ಮಾವನಿಗೆ ಫೋನ್ ಮಾಡಿದೆ. "ನೀರು ಸಿಕ್ತೇನೋ?" ಎಂದರು.

"ಕೆಸರು ಇದ್ದ ಹಾಗಿದೆ ಮಾವ."

"ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಗದ್ದೇಲಿ ಬೇಕಾದಷ್ಟಿತ್ತಲ್ಲೋ!"