ಗ್ರಂಥಾಲಯದ ಪುಸ್ತಕ ಮನೆಗೆ ತರುವುದು ಹೇಗೆ?

ಆಸ್ತಿ ತೆರಿಗೆಯ ರಸೀದಿ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಉಪಕರ ಎಂದು ತೋರಿಸಿದ ಮೊತ್ತದೊಳಗೆ ಗ್ರಂಥಾಲಯ ಕರವೂ ಸೇರಿದೆ. ತೆರಿಗೆಯ ರೂಪಾಯಿಗೆ ಆರು ಪೈಸೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಇದು. ಬಾಡಿಗೆ ಮನೆಯವರೂ ಬಾಡಿಗೆಯ ಮೂಲಕ ಇದನ್ನು ಕೊಡುತ್ತಲೇ ಇದ್ದಾರೆ. ದುಡ್ಡು ಕೊಟ್ಟಾಗಿದೆ, ಪುಸ್ತಕ ತರುವುದಷ್ಟೇ ಬಾಕಿ.

ಮೊದಲು ನಿಮ್ಮ ಬಡಾವಣೆಯ ಶಾಖೆಯನ್ನು ಹುಡುಕಿ. ಬೆಂಗಳೂರಿನ ನಗರ ಕೇಂದ್ರ ಗ್ರಂಥಾಲಯಕ್ಕೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ವಲಯಗಳಿವೆ. ಕಬ್ಬನ್ ಉದ್ಯಾನದ ಕೆಂಪು ಕಟ್ಟಡವೇ ಬೇರೆ. 1915ರಲ್ಲಿ ಕಟ್ಟಿ ಮುಗಿಸಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವುದು ರಾಜ್ಯ ಕೇಂದ್ರ ಗ್ರಂಥಾಲಯ. ಹಳೆಯ ಪುಸ್ತಕಗಳನ್ನು ಹುಡುಕುವವರು ಅಲ್ಲಿಗೆ ಹೋಗಬೇಕು. ಪರಾಮರ್ಶನ ಗ್ರಂಥಗಳನ್ನು ಅಲ್ಲೇ ಕುಳಿತು ಓದಬೇಕು.

ಪತ್ರಿಕೆ ಓದಲು ಯಾವ ಚೀಟಿಯೂ ಬೇಡ. ಎರವಲಿಗೆ ಮಾತ್ರ ಸದಸ್ಯತ್ವ ಬೇಕು: ಅರ್ಜಿ ತುಂಬಿ, ಭಾವಚಿತ್ರ ಅಂಟಿಸಿ, ವಿಳಾಸದ ದಾಖಲೆಯೊಡನೆ ಠೇವಣಿ ಕಟ್ಟಿ. ಠೇವಣಿಯ ರಸೀದಿಯನ್ನು ಜೋಪಾನವಾಗಿಡಿ, ಸದಸ್ಯತ್ವ ಬಿಡುವಾಗ ಹಣ ಹಿಂದಿರುಗಿ ಬರುತ್ತದೆ.

ಇನ್ನು ಕಪಾಟಿನ ಮುಂದೆ ನಿಲ್ಲುವ ಹೊತ್ತು. ಅವಸರ ಮಾಡಬೇಡಿ. ಪುಸ್ತಕದ ಬೆನ್ನಿನ ಮೇಲಿನ ಅಂಕಿಯನ್ನು ಓದುವುದು ಕಲಿತರೆ ಅರ್ಧ ಕೆಲಸ ಮುಗಿಯಿತು. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿದ್ದರೆ ಕನ್ನಡ ಸಾಹಿತ್ಯ 894.814ರಲ್ಲಿರುತ್ತದೆ, ಕೊನೆಗೆ 1 ಸೇರಿದರೆ ಕಾವ್ಯ, 3 ಸೇರಿದರೆ ಕಥೆ, ಕಾದಂಬರಿ. ಪುಸ್ತಕ ತೆರೆದು ಒಳಗೆ ಅಂಟಿಸಿದ ದಿನಾಂಕದ ಚೀಟಿಯನ್ನೂ ನೋಡಿ. ನಾನು ಈಚೆಗೆ ತಂದ ಕಾದಂಬರಿಯೊಂದರಲ್ಲಿ ನೇರಳೆ ಮುದ್ರೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಬಿದ್ದು, ಜಾಗ ಸಾಲದೆ ಎರಡನೆಯ ಚೀಟಿ ಅಂಟಿಸಿದ್ದರು. ಅಷ್ಟು ಕೈಗಳನ್ನು ದಾಟಿ ಬಂದ ಪುಸ್ತಕ ನನಗೆ ಹೊಸದಕ್ಕಿಂತ ಹೆಚ್ಚು ಪ್ರಿಯ.

ಬೇಕಾದದ್ದು ಸಿಗದಿದ್ದರೆ ಸುಮ್ಮನೆ ಹಿಂದಿರುಗಬೇಡಿ. ಪುಸ್ತಕ, ಲೇಖಕರು, ಪ್ರಕಾಶಕರ ಹೆಸರು ಬರೆದು ಗ್ರಂಥಪಾಲಕರ ಕೈಗೆ ಕೊಡಿ. ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂಬುದು ಬೆಂಗಳೂರಿನಲ್ಲೇ ಬದುಕಿನ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್‌.ಆರ್‌. ರಂಗನಾಥನ್ ಗ್ರಂಥಾಲಯಗಳಿಗೆ ಕೊಟ್ಟ ಸೂತ್ರ. ಕೇಳಲು ಸಂಕೋಚ ಬೇಡ.

ಹೊರಗೆ ಹೋಗಲಾಗದ ಹಿರಿಯರಿದ್ದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯದಲ್ಲಿ ಮೊಬೈಲ್ ಮೂಲಕವೇ ನೋಂದಾಯಿಸಿ ಕೊಡಿ.

ಸೋಮವಾರ ವಾರದ ರಜೆ. ಮಂಗಳವಾರ ಹೋಗುವುದಾದರೆ ತಿಂಗಳ ಎರಡನೆಯ ಮಂಗಳವಾರ ಅಲ್ಲವಷ್ಟೇ ಎಂದು ನೋಡಿಕೊಂಡು ಹೊರಡಿ, ಅಂದೂ ರಜೆ.