ಬ್ಯಾಂಕಾಕಿನ ಸೆಮಿನಾರಿನಲ್ಲಿ ಬೆಣ್ಣೆ ದೋಸೆ

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ, ಅದೇ ವಿಷಯವನ್ನು ಬೋಧಿಸಲು ನಾನು ಎರಡು ವರ್ಷಗಳ ಮಟ್ಟಿಗೆ ಥಾಯ್ಲೆಂಡಿನ ಒಂದು ಶಾಲೆಗೆ ಹೋದೆ. ಅಲ್ಲಿನ ಮಕ್ಕಳು ಶಿಕ್ಷಕರನ್ನು ಕರೆಯುವ 'ಖ್ರೂ' ಎಂಬ ಪದದ ಮೂಲ ನಮ್ಮ 'ಗುರು'ವೇ ಎಂದು ತಿಳಿದು ಸಂತೋಷವಾಯಿತಾದರೂ, ನನ್ನ ಪಾಠ ಮಾತ್ರ ಅವರಿಗೆ ಹತ್ತುತ್ತಿರಲಿಲ್ಲ. ವ್ಯಾಕರಣದ ನಿಯಮವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವರು ನಗುನಗುತ್ತಲೇ ಅಂದವಾಗಿ ನಕಲು ಮಾಡಿಕೊಂಡು, ಬಾಯಿ ಬಿಡದೆ ಕುಳಿತಿರುತ್ತಿದ್ದರು. ದಾವಣಗೆರೆಯಲ್ಲಾದರೆ ಇಂತಹ ಹೊತ್ತಿನಲ್ಲಿ ಕನ್ನಡ ಕೈಹಿಡಿಯುತ್ತಿತ್ತು. ಇಲ್ಲಿ ಆ ಊರುಗೋಲೂ ಇರಲಿಲ್ಲ.

ಬ್ಯಾಂಕಾಕಿನಲ್ಲಿ ಭಾಷಾ ಶಿಕ್ಷಕರಿಗಾಗಿ ಶನಿವಾರದ ಸೆಮಿನಾರ್ ಇದೆಯೆಂದು ಗೊತ್ತಾದಾಗ ಸ್ವಂತ ಖರ್ಚಿನಲ್ಲಿ ಹೆಸರು ನೋಂದಾಯಿಸಿದೆ. ಊರಿನಲ್ಲಿ ತರಬೇತಿಗೆ ಹೋದಾಗಲೆಲ್ಲ ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದು, ಆ ನೋಟ್‌ಬುಕ್ಕನ್ನು ಮತ್ತೆ ತೆರೆಯದ ಅಭ್ಯಾಸ ನನ್ನದಾಗಿತ್ತು. ಆದ್ದರಿಂದ ಈ ಸಲ ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆದುಕೊಂಡೆ: ಮಕ್ಕಳು ಮಾತನಾಡಬೇಕಾದರೆ ನಾನು ಯಾವುದನ್ನು ನಿಲ್ಲಿಸಬೇಕು? ಬೆಳಗಿನ ಭಾಷಣಗಳಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರತಿಯೊಬ್ಬರೂ ತಮ್ಮ ತಾಯ್ನುಡಿಯನ್ನು ಉಳಿದ ಆರು ಮಂದಿಗೆ ಹದಿನೈದು ನಿಮಿಷ ಕಲಿಸಬೇಕಾಗಿತ್ತು. ನಾನು 'ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ' ಎಂದು ಚಾರ್ಟ್ ಬರೆದು ವಿವರಿಸತೊಡಗಿದೆ. ನಾಲ್ಕು ನಿಮಿಷ ಕಳೆಯುವುದರೊಳಗೆ ಆರೂ ಮುಖಗಳ ಮೇಲೆ ನನ್ನ ಥಾಯ್ ವಿದ್ಯಾರ್ಥಿಗಳದೇ ಸೌಜನ್ಯದ ನಗು ಮೂಡಿತ್ತು. ತರಬೇತುದಾರರು ಹತ್ತಿರ ಬಂದು, ಅವರಿಗೆ ಮಾಡಲು ಏನಾದರೂ ಕೆಲಸ ಕೊಡಿ ಎಂದು ಮೆಲ್ಲಗೆ ಹೇಳಿದರು. ತೋಚಿದ್ದು ನಮ್ಮೂರ ಹೋಟೆಲು. ಚಾರ್ಟನ್ನು ತಿರುಗಿಸಿ ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ, ಕಾಫಿ ಎಂದು ರೋಮನ್ ಲಿಪಿಯಲ್ಲಿ ಬರೆದು, ಎದುರಿಗೆ ದರ ಹಾಕಿ, 200 ರೂಪಾಯಿಯೊಳಗೆ ಇಬ್ಬರು ಹೊಟ್ಟೆ ತುಂಬಿಸಿಕೊಳ್ಳಬೇಕು ಎಂದೆ. ನಾನು ಸಪ್ಲೈಯರ್ ಆದೆ. 'ಎಷ್ಟು?' ಎಂಬುದನ್ನು ಒಮ್ಮೆ ಹೇಳಿಕೊಟ್ಟದ್ದೇ ಸಾಕಾಯಿತು. ಲೆಕ್ಕ ಮೀರಿದಾಗ ಫಿಲಿಪ್ಪೀನ್ಸಿನ ಶಿಕ್ಷಕಿಯೊಬ್ಬರು ನನ್ನನ್ನು ತಡೆಯಲು ಪದ ಹುಡುಕಿದರು; 'ಬೇಡ' ಎಂದು ಕೊಟ್ಟೆ; ಆಮೇಲೆ ಆ ಪದವನ್ನು ಅವರು ಬಿಡಲೇ ಇಲ್ಲ. (ಖಾಲಿ ಎಂದರೇನೆಂದು ತಿಳಿದ ಮೇಲೆ, ಏನೂ ಇಲ್ಲದ್ದಕ್ಕೆ ದುಡ್ಡು ಯಾಕೆ ಎಂದೂ ಕೇಳಿದರು.)

ಇಂತಹ ಬೋಧನೆಯ ಇತಿಹಾಸ ಹೇಳುತ್ತ ತರಬೇತುದಾರರು ಪರದೆಯ ಮೇಲೆ ಬೆಂಗಳೂರಿನ ಹೆಸರು ತೋರಿಸಿದರು. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದೆಡೆಯ ಕೆಲವು ಶಾಲೆಗಳಲ್ಲಿ, ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗಲೇ ವ್ಯಾಕರಣ ಚೆನ್ನಾಗಿ ಮೈಗೂಡುತ್ತದೆಂಬ ನಂಬಿಕೆಯಿಂದ, ನಕ್ಷೆ, ರೈಲು ವೇಳಾಪಟ್ಟಿಗಳನ್ನಿಟ್ಟುಕೊಂಡು ಇಂಗ್ಲಿಷ್ ಕಲಿಸುವ ಪ್ರಯೋಗ ನಡೆಸಿದ್ದರು. ಇದನ್ನು ನಾನು ಬಿ.ಎಡ್. ಪರೀಕ್ಷೆಗಾಗಿ ಎರಡು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿ ಮರೆತಿದ್ದೆ.

ದಾವಣಗೆರೆಗೆ ಮರಳಿದ ಮೇಲೆ ಒಂಬತ್ತನೆಯ ತರಗತಿಯಲ್ಲಿ ರೈಲು ವೇಳಾಪಟ್ಟಿಯಿಂದಲೇ ಆರಂಭಿಸಿದೆ. ಮೊದಲ ದಿನ ಕೆಟ್ಟಿತು. ಗುಂಪು ಮಾಡಿ ಹಾಳೆ ಹಂಚಿದ್ದೇ ತಡ, 58 ಮಕ್ಕಳೂ ಲೆಕ್ಕವನ್ನೆಲ್ಲ ಕನ್ನಡದಲ್ಲೇ ಬಿಡಿಸಿ ಉತ್ತರವನ್ನಷ್ಟೇ ಇಂಗ್ಲಿಷಿನಲ್ಲಿ ಒಪ್ಪಿಸಿದರು. ಪ್ರಭು ಅವರು ಗುಂಪು ಕೆಲಸಕ್ಕೆ ಒತ್ತು ಕೊಡದೆ, ಮೊದಲು ಅಂಥದೇ ಒಂದು ಸಮಸ್ಯೆಯನ್ನು ಇಡೀ ತರಗತಿಯೊಂದಿಗೆ ಶಿಕ್ಷಕರೇ ಮಾತಿನಲ್ಲಿ ಬಿಡಿಸಿ, ಆಮೇಲೆ ಮತ್ತೊಂದನ್ನು ಒಬ್ಬೊಬ್ಬರಿಗೇ ಕೊಡಿಸುತ್ತಿದ್ದರೆಂಬುದು ಆಗ ನೆನಪಾಯಿತು. ಮುಂದಿನ ವಾರ ಹಾಗೆಯೇ ಮಾಡಿದೆ. ಹರಿಹರದಿಂದ ಅರಸೀಕೆರೆಗೆ ಹೋಗುವುದನ್ನು ಬೋರ್ಡಿನ ಮೇಲೆ ಎಲ್ಲರೂ ಸೇರಿ ಇಂಗ್ಲಿಷಿನಲ್ಲೇ ಬಿಡಿಸಿದೆವು. ಅನಂತರ ಹರಿಹರದಿಂದ ಚಿತ್ರದುರ್ಗಕ್ಕೆ ರೈಲಿನಲ್ಲಿ ಹೋಗುವುದು ಹೇಗೆ, ಎಷ್ಟು ಹೊತ್ತು ಕಾಯಬೇಕು ಎಂದು ಒಬ್ಬೊಬ್ಬರೇ ಹುಡುಕಬೇಕಾಯಿತು. ನಾನು ಕೊಟ್ಟ ಹಾಳೆಯಲ್ಲಿದ್ದ ರೈಲುಗಳಲ್ಲಾದರೆ ಚಿಕ್ಕಜಾಜೂರಿನಲ್ಲಿ ಇಳಿದು ರೈಲು ಬದಲಿಸಬೇಕೆಂಬುದನ್ನು ಕಂಡುಕೊಂಡ ಹಿಂದಿನ ಬೆಂಚಿನ ಹುಡುಗನೊಬ್ಬ, ಕೈ ಎತ್ತುವುದನ್ನೂ ಮರೆತು, "ಮಿಸ್, ಬಸ್ ಈಸ್ ಬೆಟರ್" ಎಂದ. ಪುಸ್ತಕದಲ್ಲಿ ತರತಮ ರೂಪಗಳ ಪಾಠ ಇನ್ನೂ ಎರಡು ಘಟಕ ಮುಂದಿತ್ತು.